ಫಿಯಟ್ಟಿನ ಹಠ, ಬೀದಿಯ ಪಂಡಿತರು

ಕಂಪನಿಯವರು ನನ್ನ ಹಳೇ ಕಾರಿನ ಜಾತಿಗೆ 1974ರಲ್ಲೇ ಪ್ರೀಮಿಯರ್ ಪದ್ಮಿನಿ ಅಂತ ನಾಮಕರಣ ಮಾಡಿದ್ದರೂ ನಮ್ಮ ಬೀದಿಗೆ ಅದು ಇಂದಿಗೂ ಫಿಯಟ್ಟೇ. ಪವರ್ ಸ್ಟೀರಿಂಗ್ ಇಲ್ಲ. ಪವರ್ ಏನಿದ್ದರೂ ಓಡಿಸುವವನ ರಟ್ಟೆಯದು. ಆದರೆ ಈಚೆಗೆ ಸ್ಟೀರಿಂಗ್ ಬಿಗಿಯಾಗಿ, ಗೇಟಿನಿಂದ ರಸ್ತೆಗೆ ತಿರುಗಿಸುವಷ್ಟರಲ್ಲೇ ನನ್ನ ಅಂಗಿ ತೊಯ್ದು ತೊಪ್ಪೆಯಾಗುತ್ತಿತ್ತು.

ಸುದ್ದಿ ಹಬ್ಬಿತು, ಪಂಡಿತರು ಬಂದರು. ಎದುರುಮನೆ ರಾಯರು ಗಾಡಿ ಮುಟ್ಟದೆಯೇ "ಟಯರಿಗೆ ಗಾಳಿ ಕಮ್ಮಿ ಕಣ್ರೀ" ಅಂದರು. ತುಂಬಿಸಿದೆ. ಊಹೂಂ. ಭಾವಮೈದ ಫೋನಿನಲ್ಲೇ "ಸ್ಟೀರಿಂಗ್ ಬಾಕ್ಸ್ ಹೋಗಿದೆ ಭಾವ, ಗುಜರಿಯಲ್ಲಿ ಹುಡುಕ್ಬೇಕು" ಎಂದು ತೀರ್ಪು ಕೊಟ್ಟ. ಬಾಕ್ಸ್ ಅಂದರೆ ಸ್ಟೀರಿಂಗಿನ ತಿರುವನ್ನು ಚಕ್ರಗಳತ್ತ ದಾಟಿಸುವ ಗೇರಿನ ಪೆಟ್ಟಿಗೆ. ಗ್ಯಾರೇಜಿನ ಹುಡುಗನೊಬ್ಬ ಬಾಕ್ಸಿನ ಮೇಲಿನ ಸ್ಕ್ರೂ ತಿರುವಿ "ಅಡ್ಜಸ್ಟ್ ಮಾಡಿದೀನಿ ಸಾರ್" ಅಂದ. ಆ ಸ್ಕ್ರೂ ಇರುವುದು ಸ್ಟೀರಿಂಗಿನ ಸಡಿಲ ಅಲ್ಲಾಟ ತೆಗೆಯಲಿಕ್ಕೆ. ಅದನ್ನು ಬಿಗಿದ ಮೇಲೆ ಕೇಳಬೇಕೆ? ನನ್ನವಳು, "ಜಿಮ್ಮಿಗೆ ದುಡ್ಡು ಕಟ್ಟೋದು ನಿಲ್ಲಿಸಿಬಿಡಿ" ಅಂದಳು.

ಕೊನೆಗೆ ಹಳೇ ಮೇಸ್ತ್ರಿಯೊಬ್ಬರು ಸಿಕ್ಕರು. ಮಾತಿಲ್ಲ ಕತೆಯಿಲ್ಲ. ಸ್ಕ್ರೂ ಸಡಿಲಿಸಿ, ಜಾಕ್ ಕೊಟ್ಟು ಮುಂದಿನ ಎರಡೂ ಚಕ್ರ ನೆಲ ಬಿಡಿಸಿದರು. ಸ್ಟೀರಿಂಗ್ ಆಗಲೂ ಬಿಗಿ. ಗಾಳಿಯ ವಾದ ಅಲ್ಲಿಗೆ ಮುಗಿಯಿತು. ಬಾಕ್ಸಿನ ಕಡೆಯಿಂದ ಚಕ್ರಗಳಿಗೆ ಜೋಡಿಸುವ ಟೈ ರಾಡುಗಳನ್ನು ಕಳಚಿದರು. ಸ್ಟೀರಿಂಗ್ ಎರಡು ಬೆರಳಿಗೆ ಗಿರ್ರನೆ ತಿರುಗಿತು. ಬಾಕ್ಸೂ ನಿರಪರಾಧಿ! ಎಡಚಕ್ರವನ್ನು ಕೈಯಲ್ಲಿ ತಳ್ಳಿದರೆ ಸಲೀಸು. ಬಲಚಕ್ರ ಮಾತ್ರ ಕಿರ್ರೆಂದು ಕೊಸರಾಡಿತು.

"ಕಿಂಗ್ ಪಿನ್ ಒಣಗೋಗಿದೆ ಸ್ವಾಮಿ." ಚಕ್ರ ಎಡಬಲಕ್ಕೆ ಹೊರಳುವುದು ಈ ಗೂಟದ ಮೇಲೆಯೇ.

"ಗ್ರೀಸ್ ಹೊಡೆಸಿದೀನಲ್ಲ, ಬಿಲ್ಲಿದೆ!"

ಬಿಲ್ಲನ್ನು ಗಾಡಿಗೆ ಓದಿ ಹೇಳಿ ಎಂಬಂತೆ ನನ್ನನ್ನು ನೋಡಿ, ಟಾರ್ಚ್ ಬಿಟ್ಟರು. ಹೋದ ವರ್ಷ ಪೇಂಟ್ ಮಾಡಿದ ಪುಣ್ಯಾತ್ಮ ಧಾರಾಳಿ. ಅಡಿಭಾಗಕ್ಕೂ ಕಪ್ಪು ಬಳಿದು, ಗ್ರೀಸ್ ಒಳಗೆ ಹೋಗುವ ನಿಪ್ಪಲ್ಲಿನ ಬಾಯನ್ನೇ ಮುಚ್ಚಿಬಿಟ್ಟಿದ್ದ. ದುಡ್ಡು ಕೊಟ್ಟು ಹೊಡೆಸಿದ ಗ್ರೀಸೆಲ್ಲ ಹೊರಗಡೆಯೇ, ಎಲೆಯ ತುದಿಗೆ ಬಡಿಸಿದ ಉಪ್ಪಿನಕಾಯಿಯ ಹಾಗೆ, ಮುದ್ದೆಯಾಗಿ ಕೂತಿತ್ತು.

ನಿಪ್ಪಲ್ ಬದಲಿಸಿ ಗ್ರೀಸ್ ಗನ್ ಒತ್ತಿದರು. ಪಿನ್ನಿನ ಸಂದಿಯಿಂದ ಮೊದಲು ತುಕ್ಕಿನ ಕೆಸರು, ಆಮೇಲೆ ಕಪ್ಪು ಮಡ್ಡಿ, ಚಕ್ರವನ್ನು ಆಚೆ ಈಚೆ ಆಡಿಸಿ ಮತ್ತೆ ಒತ್ತಿದಾಗ ಹೊಸ ಗ್ರೀಸ್ ಇಣುಕಿತು. ಭಾರ ಇಳಿಸದೆ ಹೊಡೆದರೆ ಅದು ಎಲ್ಲ ಕಡೆ ಹೋಗುವುದಿಲ್ಲವಂತೆ. ನಮ್ಮ ಪಂಡಿತರಲ್ಲಿ ಗಾಡಿಯನ್ನು ಎತ್ತಿ ನೋಡೋಣ ಅಂದವರೇ ಇರಲಿಲ್ಲ.

ಈಗ ಸ್ಟೀರಿಂಗ್ ಹಗುರ. ರಾಯರು ವಾಕಿಂಗಿನಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಿದ್ದಾರಂತೆ: "ನಾನು ಹೇಳ್ದೆ ಅಂತ ಗಾಳಿ ತುಂಬಿಸಿದ್ರು ನೋಡಿ, ಹ್ಯಾಗೆ ಸರಿಹೋಯ್ತು!"