ಮೊದಲು ಕಾರಿನ ಕೆಳಗೆ ಇಣುಕಿ ನೋಡಿ

ಹಳೆಯ ರೆನೋ ಡಸ್ಟರ್ ಕಾರಿನ ನೆತ್ತಿಯ ಮೇಲೆ ಅಷ್ಟೊಂದು ಸಾಮಾನು ಹೇರಬಹುದೆಂದು ಇವತ್ತು ಕೊಡಗಿನ ಗೋಣಿಕೊಪ್ಪದ ಗ್ಯಾರೇಜಿನಲ್ಲಿ ನೋಡುವವರೆಗೂ ನನಗೆ ಗೊತ್ತಿರಲಿಲ್ಲ. ಕ್ಯಾರಿಯರ್, ಅದರ ಮೇಲೆ ಟೆಂಟಿನ ಪೆಟ್ಟಿಗೆ, ಪಕ್ಕದಲ್ಲಿ ಜೆರಿಕ್ಯಾನ್, ಒಂದು ಗುದ್ದಲಿ, ಮುಂದೆ ಮದುವೆ ಚಪ್ಪರವನ್ನು ಬೆಳಗಿಸುವಷ್ಟು ಉದ್ದದ ಎಲ್‌ಇಡಿ ಲೈಟು. ಬಾನೆಟ್ಟಿನ ಪಕ್ಕದಿಂದ ಇಂಜಿನ್ನಿಗೆ ಎತ್ತರದಿಂದ ಗಾಳಿ ಎಳೆದುಕೊಡುವ ಕೊಳವೆ, ಅಂದರೆ ಸ್ನಾರ್ಕೆಲ್ ಬೇರೆ. ಕಾರಿನ ಒಡೆಯ ಹುಡುಗ, ಒಳ್ಳೆಯವನೇ. “ಹೇಗಿದೆ ಅಂಕಲ್?” ಎಂದು ಮುಖ ಅರಳಿಸಿಕೊಂಡು ಕೇಳಿದ. ಅಂಕಲ್ ಎಂದಿದ್ದನ್ನು ಕ್ಷಮಿಸಿದೆ.

ರ‍್ಯಾಂಪಿನ ಮೇಲಿದ್ದ ಕಾರಿನ ಕೆಳಗೆ ನಿಂತು ತಲೆ ಎತ್ತಿದಾಗ ಕಂಡದ್ದನ್ನು ಮಾತ್ರ ಕ್ಷಮಿಸಲಾಗಲಿಲ್ಲ. ಚಕ್ರಕ್ಕೆ ಬಲ ಒಯ್ಯುವ ಮುಂದಿನ ಎಡಗಡೆಯ ಡ್ರೈವ್ ಶಾಫ್ಟಿನ ಜಾಯಿಂಟನ್ನು ಮುಚ್ಚುವ ರಬ್ಬರ್ ಚೀಲ, ಅಂದರೆ ಬೂಟ್, ಹರಿದಿದೆ. ಒಳಗಿನ ಗ್ರೀಸ್ ಚಕ್ರದ ಒಳಮೈಗೆಲ್ಲ ಸಿಡಿದು, ಅದರ ಮೇಲೆ ಕೆಂಪು ಮಣ್ಣು ಮೆತ್ತಿಕೊಂಡು ಗಟ್ಟಿಯಾಗಿದೆ. ಚಕ್ರವನ್ನು ಹಿಡಿದಿಡುವ ಲೋವರ್ ಆರ್ಮಿನ ರಬ್ಬರ್ ಬುಷ್ ಸೀಳಿದೆ. ಮುಂದಿನ ಎರಡು ಟಯರ್ ಹೊಸದು, ಹಿಂದಿನವೆರಡು ಬೋಳು. ಇಷ್ಟೆಲ್ಲ ಇಟ್ಟುಕೊಂಡು ಅವನು ಬಂದಿದ್ದು ಸಸ್ಪೆನ್ಷನ್ನಿಗೆ ಸ್ಪೇಸರ್ ಎಂಬ ದಪ್ಪ ಬಿಲ್ಲೆ ಹಾಕಿಸಿ ಕಾರನ್ನು ಎರಡು ಇಂಚು ಎತ್ತರಿಸಲು!

ನನ್ನ ಸಿಟ್ಟು ಇಷ್ಟೇ: ಕಣ್ಣಿಗೆ ಕಾಣುವುದಕ್ಕೆ ಲಕ್ಷ, ಕಾಣದ್ದಕ್ಕೆ ಬಿಡಿಗಾಸೂ ಇಲ್ಲ.

ನನ್ನ ಡಸ್ಟರ್ ಪುರಾಣವನ್ನು ಇಲ್ಲಿ ಓದಿ ಓದಿ ನಿಮಗೆ ಸಾಕಾಗಿರುತ್ತದೆ. ಆದರೂ ಹೇಳುತ್ತೇನೆ. 2014ರಲ್ಲಿ ನಮ್ಮ ದೇಶಕ್ಕೆ ಬಂದ ಆಲ್ ವೀಲ್ ಡ್ರೈವ್ ಡಸ್ಟರ್, ಅಂದರೆ ನಾಲ್ಕೂ ಚಕ್ರಕ್ಕೆ ಬಲ ಹೋಗುವ ಡಸ್ಟರ್, ಕಂಪನಿಯಿಂದ ಬರುವಾಗಲೇ ಅರ್ಧ ಕೆಲಸ ಮುಗಿಸಿಕೊಂಡು ಬಂದ ಗಾಡಿ. ನೆಲದಿಂದ 210 ಮಿಲಿಮೀಟರ್ ಎತ್ತರ. ಹಿಂದಿನ ಚಕ್ರಗಳಿಗೂ ಸ್ವತಂತ್ರ ಸಸ್ಪೆನ್ಷನ್, ಅಂದರೆ ಎಡ ಬಲ ಚಕ್ರಗಳು ಬೇರೆ ಬೇರೆಯಾಗಿ ಮೇಲೆ ಕೆಳಗೆ ಆಡುತ್ತವೆ. ಗುಂಡಿ ತಿರುಗಿಸಿ ಲಾಕ್‌ಗೆ ಹಾಕಿದರೆ ನಿಧಾನ ವೇಗದಲ್ಲಿ ಹಿಂದಿನ ಚಕ್ರಗಳಿಗೂ ಮುಂದಿನ ಚಕ್ರಗಳಿಗೂ ಸಮನಾಗಿ ಬಲ ಹಂಚಿಕೆಯಾಗುತ್ತದೆ. ಮೊದಲ ಗೇರ್ ಎಷ್ಟು ಗಿಡ್ಡವೆಂದರೆ ಸಮತಟ್ಟಾದ ಟಾರು ರಸ್ತೆಯಲ್ಲಿ ಎರಡನೇ ಗೇರಿನಲ್ಲೇ ಹೊರಡಬಹುದು. ಮಾಂದಲ್‌ಪಟ್ಟಿಗೆ ಪ್ರವಾಸಿಗರನ್ನು ಹೊತ್ತೊಯ್ಯುವ ಜೀಪುಗಳಲ್ಲಿರುವ, ಕಡಿದಾದ ಏರನ್ನು ನಿಧಾನಕ್ಕೆ ಹತ್ತಿಸುವ ಲೋ ಗೇರ್ ಇದರಲ್ಲಿಲ್ಲ. ಅದರ ಕೊರತೆಯನ್ನು ತಕ್ಕಮಟ್ಟಿಗೆ ತುಂಬುವುದು ಈ ಗಿಡ್ಡ ಮೊದಲ ಗೇರ್. ದೊಡ್ಡ, ಭಾರದ ಟಯರ್ ಹಾಕಿದಿರೋ, ಆ ಅನುಕೂಲವನ್ನು ನೀವೇ ಕೈಯಾರೆ ಕಳೆದುಕೊಂಡಿರಿ. ಏರಿನಲ್ಲಿ ಕ್ಲಚ್ ಸುಟ್ಟ ವಾಸನೆ ಮೂಗಿಗೆ ಬಡಿದಾಗ ನನ್ನನ್ನು ನೆನೆಸಿಕೊಳ್ಳಿ.

ದೊಡ್ಡ ಟಯರಿನಿಂದ ಸಿಗುವುದಾದರೂ ಎಷ್ಟು? ಮೂಲದ 215/65 ಆರ್16 (215 ಮಿಲಿಮೀಟರ್ ಅಗಲ, ಪಕ್ಕದ ಎತ್ತರ ಅದರ ಶೇ. 65) ತೆಗೆದು 215/70 ಹಾಕಿದರೆ ವ್ಯಾಸ ಹೆಚ್ಚುವುದು ಇಪ್ಪತ್ತೊಂದೂವರೆ ಮಿಲಿಮೀಟರ್. ಅದರಲ್ಲಿ ಅರ್ಧ ಮೇಲಕ್ಕೆ ಹೋಗುತ್ತದೆ, ಅರ್ಧವಷ್ಟೇ ಹೊಟ್ಟೆಯ ಕೆಳಗೆ ಸಿಗುತ್ತದೆ. ಹನ್ನೊಂದು ಮಿಲಿಮೀಟರಿಗಾಗಿ ಸ್ಪೀಡೋಮೀಟರ್ ಶೇ. 3ರಷ್ಟು ಕಡಿಮೆ ತೋರಿಸಲು ಶುರುಮಾಡುತ್ತದೆ. ಮೂಲ ಅಳತೆಯಲ್ಲೇ ಟಾರಿಗೂ ಮಣ್ಣಿಗೂ ಒಗ್ಗುವ ಒಳ್ಳೆಯ ಆಲ್ ಟೆರೇನ್ ಟಯರ್ ಹಾಕಿಸಿ, ನಾಲ್ಕನ್ನೂ ಒಟ್ಟಿಗೆ ಹಾಕಿಸಿ. ಆಲ್ ವೀಲ್ ಡ್ರೈವ್ ಗಾಡಿಯಲ್ಲಿ ಮುಂದೆ ಹೊಸದು ಹಿಂದೆ ಸವೆದದ್ದು ಇದ್ದರೆ ಚಕ್ರಗಳ ಸುತ್ತಳತೆ ಹೊಂದದೆ ಹಿಂದಿನ ಚಕ್ರಗಳಿಗೆ ಬಲ ಸೇರಿಸುವ ಕಪ್ಲಿಂಗ್ ಸುಮ್ಮನೆ ಒದ್ದಾಡಿ ಬಿಸಿಯಾಗುತ್ತದೆ. ಕೆಸರು ಬಂದಾಗ ಗಾಳಿಯನ್ನು 20 ಪಿಎಸ್‌ಐ ಆಸುಪಾಸಿಗೆ ಇಳಿಸಿ. ಟಾರಿಗೆ ಹತ್ತುವ ಮೊದಲು ಹನ್ನೆರಡು ವೋಲ್ಟಿನ ಪುಟ್ಟ ಕಂಪ್ರೆಸರಿನಿಂದ ಮತ್ತೆ ತುಂಬಿಸಿ. ಜುಲೈ ತಿಂಗಳಲ್ಲಿ ಕಕ್ಕಬ್ಬೆಯ ಕಡೆ ತೋಟದ ದಾರಿಯಲ್ಲಿ ಹೋಗಿಬರುವವರಿಗೆ ಇದಕ್ಕಿಂತ ದೊಡ್ಡ ಮಾರ್ಪಾಡು ಬೇಕಿಲ್ಲ. ಆದರೆ ಗಾಳಿ ಇಳಿಸಿದ್ದು ಫೋಟೋದಲ್ಲಿ ಕಾಣುವುದಿಲ್ಲವಲ್ಲ, ಏನು ಮಾಡುವುದು!

ಸ್ನಾರ್ಕೆಲ್ ವಿಚಾರಕ್ಕೆ ಬಂದರೆ ನನಗೆ ನಗು ಬರುತ್ತದೆ. ನೀರು ಇಂಜಿನ್ ಒಳಗೆ ಹೋದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ನಿಜ. ಆದರೆ ಭಾಗಮಂಡಲದಲ್ಲಿ ಸಂಗಮ ತುಂಬಿ ರಸ್ತೆಗೆ ಬಂದ ನೀರು ನಿಂತ ನೀರಲ್ಲ, ಹರಿಯುವ ನೀರು. ಗಾಡಿಯನ್ನು ಪಕ್ಕಕ್ಕೆ ಎಳೆದೊಯ್ಯುವ ಆ ಹರಿವಿಗೆ ನಿಮ್ಮ ಇಂಜಿನ್ ಎಲ್ಲಿಂದ ಉಸಿರಾಡುತ್ತದೆ ಎಂಬುದು ಬೇಕಾಗಿಲ್ಲ. ಇಲ್ಲಿಯವರು ಅಂಥ ನೀರು ಕಂಡರೆ ಗಾಡಿ ತಿರುಗಿಸುತ್ತಾರೆ. ಟೆಂಟಿನ ಮಾತು ಹೇಳಲೇಬೇಡಿ. ಭಾರವೆಲ್ಲ ನೆತ್ತಿಗೇರಿದರೆ ಪಕ್ಕಕ್ಕೆ ವಾಲಿದ ದಾರಿಯಲ್ಲಿ ಎದೆ ನಡುಗುತ್ತದೆ. ಮೇಲಾಗಿ ತೋಟದಂಚಿನಲ್ಲಿ ಮಲಗಿದವನ ಹತ್ತಿರ ಆನೆ ಅನುಮತಿ ಕೇಳಿ ಬರುವುದಿಲ್ಲ.

ಇಷ್ಟು ಬೈದ ಮೇಲೆ ಒಂದು ಗುಟ್ಟು. ರಾತ್ರಿ ನಿದ್ದೆ ಬಾರದಾಗ ನಾನು ಮೊಬೈಲಿನಲ್ಲಿ ನೋಡುತ್ತಾ ಕೂರುವುದು ಇದೇ ಟೆಂಟುಗಳ ಚಿತ್ರಗಳನ್ನು. ಹೆಂಡತಿಗೆ ಹೇಳಬೇಡಿ ಎನ್ನೋಣವೆಂದರೆ ಅವಳೂ ಇದನ್ನು ಓದುತ್ತಾಳೆ. ಇನ್ನೊಂದು: ಆ ಹುಡುಗನ ಕಾರಿನ ತಳದಲ್ಲಿ ಒಂದು ಚೂರೂ ತುಕ್ಕಿರಲಿಲ್ಲ. ಹೊಟ್ಟೆಕಿಚ್ಚಾಯಿತು.

“ಅವನ ದುಡ್ಡು, ಅವನ ಶೋಕಿ, ನಿಮಗೇನು ಕಷ್ಟ?” ಎಂದು ಯಾರಾದರೂ ಕೇಳಿಯೇ ಕೇಳುತ್ತೀರಿ. ಕಷ್ಟ ಇದೆ ಸ್ವಾಮಿ. ಮಾಕುಟ್ಟ ಘಾಟಿಯ ತಿರುವಿನಲ್ಲಿ ಆ ಲೈಟು ಎದುರಿನ ಬಸ್ ಚಾಲಕನ ಕಣ್ಣಿಗೆ ಬಿದ್ದರೆ ಆಗುವ ಅನಾಹುತ ಅವನೊಬ್ಬನದಲ್ಲ. ಹರಿದ ಬೂಟಿನೊಳಗೆ ಮಣ್ಣು ತುಂಬಿ ಜಾಯಿಂಟ್ ಸವೆದಿರುತ್ತದೆ. ಸ್ಪೇಸರ್ ಹಾಕಿ ಎತ್ತರಿಸಿದಾಗ ಶಾಫ್ಟ್ ಇನ್ನಷ್ಟು ಓರೆಯಾಗಿ ಆ ಜಾಯಿಂಟೇ ಮೊದಲು ಕೈಕೊಡುತ್ತದೆ, ಅದೂ ಸಂಪಾಜೆ ಘಾಟಿಯಲ್ಲೇ. ಹಿಂದೆ ನಿಲ್ಲುವ ಸಾಲಿನಲ್ಲಿ ಆಂಬುಲೆನ್ಸ್ ಇದ್ದರೆ? ಕಾನೂನು ಬೇಕೆನ್ನುವವರಿಗೆ ಅದೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದಿ. ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ಹೊಂದದಂತೆ ಗಾಡಿಯನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಬಂಪರಿನ ಮುಂದೆ ಕೂರಿಸುವ ಕಬ್ಬಿಣದ ಬುಲ್ ಬಾರ್ ಕೂಡದೆಂದು ಕೇಂದ್ರ ಸಾರಿಗೆ ಸಚಿವಾಲಯ 2017ರಲ್ಲೇ ರಾಜ್ಯಗಳಿಗೆ ಬರೆದಿದೆ.

ಹಾಗಾದರೆ ಏನು ಮಾಡಿಸಬೇಕು ಎನ್ನುವವರು ಕೇಳಿ. ಡೀಸೆಲ್ ಡಸ್ಟರ್ ಆದರೆ ಮೊದಲು ಟೈಮಿಂಗ್ ಬೆಲ್ಟ್ ಯಾವಾಗ ಬದಲಿಸಿದ್ದೆಂದು ನೋಡಿ. ಅದು ತುಂಡಾದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಇಂಜಿನ್ ಬಿಚ್ಚುವ ಗತಿ ಬರುತ್ತದೆ. ಆಮೇಲೆ ಬುಷ್, ಬೂಟ್, ಶಾಕ್ ಅಬ್ಸಾರ್ಬರ್, ಟಯರ್. ಆಮೇಲೆ ಇಂಜಿನ್ ಆಯಿಲ್ ಚೇಂಬರ್ ಕೆಳಗೆ ಗಟ್ಟಿಯಾದ ತಗಡಿನ ಗಾರ್ಡ್. ಇಷ್ಟಾದ ಮೇಲೂ ದುಡ್ಡು ಮಿಕ್ಕಿದರೆ ಚಾಸಿಗೆ ಭದ್ರವಾಗಿ ಕೂರುವ ಎಳೆಯುವ ಕೊಕ್ಕೆ ಹಾಕಿಸಿ. ಬಂಪರಿನ ತೂತಿನೊಳಗೆ ತಿರುಚಿ ಹಾಕುವ ಕಂಪನಿಯ ಕೊಕ್ಕೆ ಕೆಟ್ಟ ಗಾಡಿಯನ್ನು ರಸ್ತೆಯಲ್ಲಿ ನಿಧಾನಕ್ಕೆ ಎಳೆಯಲು ಮಾತ್ರ. ಕೆಸರಿನಲ್ಲಿ ಹೂತ ಗಾಡಿಯನ್ನು ಅದಕ್ಕೆ ಹಗ್ಗ ಕಟ್ಟಿ ಜಗ್ಗಿದರೆ ಕಿತ್ತುಬಂದ ಕೊಕ್ಕೆ ಎಳೆಯುವವನ ಹಿಂದಿನ ಗಾಜನ್ನು ಒಡೆದುಕೊಂಡು ಒಳಗೆ ಹೋಗುತ್ತದೆ. ಹಗ್ಗ ಬಿಗಿಯಾಗುವಾಗ ಎಲ್ಲರೂ ದೂರ ನಿಲ್ಲಿ. ರೀಲ್ಸ್ ಮಾಡುವವರು ಇನ್ನೂ ದೂರ.