ಬಳ್ಳಾರಿ ಹೆಸರಿನ ತಂಡ ಬಳ್ಳಾರಿಯಲ್ಲೇ ಆಡಲಿ

ರಾಜ್ಯದ ಟಿ20 ಕ್ರಿಕೆಟ್ ಲೀಗ್ ಮಹಾರಾಜ ಟ್ರೋಫಿ ಬಂತು ಅಂದ್ರೆ ನಮ್ಮ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಒಂದೇ ಚರ್ಚೆ. ಈ ಸಲ ಯಾರ ಕಡೆ? ಒಬ್ಬ ಹುಬ್ಬಳ್ಳಿ ಅಂತಾನೆ, ಇನ್ನೊಬ್ಬ ಗುಲ್ಬರ್ಗ ಅಂತಾನೆ, ಶಿವಮೊಗ್ಗದಿಂದ ಹೆಣ್ಣು ತಂದವನು ಶಿವಮೊಗ್ಗ ಅಂತಾನೆ. ಬಳ್ಳಾರಿ ಅನ್ನೋಕೆ ಬಳ್ಳಾರಿ ತಂಡವೇ ಇಲ್ಲ. 2022ರಲ್ಲಿ ಟೂರ್ನಿ ಶುರುವಾದಾಗ ಬೆಂಗಳೂರು, ಮೈಸೂರು, ಮಂಗಳೂರು, ಶಿವಮೊಗ್ಗ, ಹುಬ್ಬಳ್ಳಿ, ಗುಲ್ಬರ್ಗ ಅಂತ ಆರು ತಂಡ ಮಾಡಿದರು. ಅದಕ್ಕೂ ಮೊದಲಿದ್ದ ಕರ್ನಾಟಕ ಪ್ರೀಮಿಯರ್ ಲೀಗ್ (ಕೆಪಿಎಲ್) ಕಾಲದ ನಮ್ಮ ಬಳ್ಳಾರಿ ಟಸ್ಕರ್ಸ್ ಆ ಪಟ್ಟಿಯಲ್ಲಿ ಇರಲಿಲ್ಲ. ಇವತ್ತಿಗೂ ನನಗೆ ಅದು ಜೀರ್ಣ ಆಗಿಲ್ಲ.

ಲೆಕ್ಕಕ್ಕಿಲ್ಲದ ತಂಡ ಆಗಿರಲಿಲ್ಲ ಅದು. 2016ರಲ್ಲಿ ಕಪ್ ಗೆದ್ದಿತ್ತು. ದೇವದತ್ತ ಪಡಿಕ್ಕಲ್ ಐಪಿಎಲ್‌ನಲ್ಲಿ ಹೆಸರು ಮಾಡುವುದಕ್ಕೆ ಮೊದಲು ಬಳ್ಳಾರಿ ಜೆರ್ಸಿ ತೊಟ್ಟು ಬ್ಯಾಟ್ ಬೀಸಿದ ಹುಡುಗ. ಇನ್ನು 2019ರ ಆಗಸ್ಟ್ 23 ಇದೆಯಲ್ಲ, ಆ ರಾತ್ರಿಯನ್ನು ಇಲ್ಲಿನ ಕ್ರಿಕೆಟ್ ಹುಚ್ಚರು ಯಾರೂ ಮರೆಯಲ್ಲ. ಚಿನ್ನಸ್ವಾಮಿಯಲ್ಲಿ ಶಿವಮೊಗ್ಗ ಲಯನ್ಸ್ ಎದುರು ಪಂದ್ಯ. ಮಳೆ ಬಂದು 17 ಓವರ್‌ಗೆ ಇಳಿದಿತ್ತು. ನಮ್ಮ ತಂಡದ ಕೃಷ್ಣಪ್ಪ ಗೌತಮ್ ಬಂದವನೇ 56 ಎಸೆತಕ್ಕೆ 134, ಔಟೇ ಇಲ್ಲ, ಅದರಲ್ಲಿ 13 ಸಿಕ್ಸರ್. ಇಷ್ಟು ಸಾಕು ಅಂದುಕೊಳ್ಳುವಷ್ಟರಲ್ಲಿ ಚೆಂಡು ಹಿಡಿದ. ನಾಲ್ಕು ಓವರ್, 15 ರನ್, 8 ವಿಕೆಟ್! ನಾವು ಮಿರ್ಚಿ ಅಂಗಡಿ ಮುಂದೆ ಒಂದೇ ಮೊಬೈಲಿಗೆ ಮುಗಿಬಿದ್ದು ನೋಡ್ತಿದ್ವಿ. ಆರನೇ ವಿಕೆಟ್ ಹೊತ್ತಿಗೆ ಅಂಗಡಿಯವರೂ ಒಲೆ ಸಣ್ಣ ಮಾಡಿ ಬಂದು ನಿಂತರು. ಕೆಪಿಎಲ್‌ಗೆ ಅಧಿಕೃತ ಟಿ20 ಮಾನ್ಯತೆ ಇಲ್ಲದ್ದಕ್ಕೆ ಅದು ದಾಖಲೆ ಪುಸ್ತಕ ಸೇರಲಿಲ್ಲ. ಸೇರದಿದ್ದರೇನು, ಅವತ್ತು ದೇಶದ ಕ್ರಿಕೆಟ್ ಮಂದಿ ಬಾಯಲ್ಲಿ ಗೌತಮ್ ಜೊತೆ ಬಳ್ಳಾರಿ ಹೆಸರೂ ಇತ್ತು. ಗಣಿ ಬಿಟ್ಟು, ಬಿಸಿಲು ಬಿಟ್ಟು, ಒಂದು ಆಟಕ್ಕಾಗಿ ನಮ್ಮೂರ ಹೆಸರು ಸುದ್ದಿಯಲ್ಲಿ ಬಂದದ್ದು ನಮಗೆ ಸಣ್ಣ ವಿಷಯ ಅಲ್ಲ.

ಎಂಟೇ ದಿನಕ್ಕೆ ಮೈಸೂರಿನಲ್ಲಿ ಫೈನಲ್. ಹುಬ್ಬಳ್ಳಿ ಎದುರು 8 ರನ್ನಿಂದ ಸೋತೆವು. ಸೋಲಿನ ನೋವು ಆಟದ್ದೇ, ತಡ್ಕೋಬಹುದು. ಆದರೆ ನವೆಂಬರ್‌ನಲ್ಲಿ ಅದೇ ಫೈನಲ್ ಬಗ್ಗೆ ಫಿಕ್ಸಿಂಗ್ ಆರೋಪ ಬಂದು, ನಮ್ಮ ತಂಡದ ಆಟಗಾರರನ್ನೇ ಪೊಲೀಸರು ಬಂಧಿಸಿದಾಗ ಪೇಪರ್ ಓದೋಕೆ ಮನಸ್ಸಾಗಲಿಲ್ಲ. 2022ರಲ್ಲಿ ಹೈಕೋರ್ಟ್ ಆ ಪ್ರಕರಣ ರದ್ದು ಮಾಡಿತು. ಅಷ್ಟರಲ್ಲಿ ಕೆಪಿಎಲ್ಲೂ ಇರಲಿಲ್ಲ, ನಮ್ಮ ತಂಡವೂ ಇರಲಿಲ್ಲ. ಒಂದು ಲೀಗಿನ ಕೊಳೆ ತೊಳೆಯೋಕೆ ಊರಿನ ಹೆಸರನ್ನೇ ಯಾಕೆ ಅಳಿಸಬೇಕು?

ನನ್ನ ನಿಜವಾದ ತಕರಾರು ಇದಕ್ಕಿಂತ ಹಳೇದು. ಟಸ್ಕರ್ಸ್ ಬಳ್ಳಾರಿಯಲ್ಲಿ ಒಂದೇ ಒಂದು ಪಂದ್ಯ ಆಡಲಿಲ್ಲ. ಬೆಂಗಳೂರು, ಮೈಸೂರು, ಹುಬ್ಬಳ್ಳಿ ಇಷ್ಟರಲ್ಲೇ ಲೀಗ್ ಮುಗೀತಿತ್ತು. ಕಪ್ ಗೆದ್ದ ತಂಡವನ್ನು ನಮ್ಮ ಮಕ್ಕಳು ಕಣ್ಣಾರೆ ನೋಡಲಿಲ್ಲ. ಕಂಡರೆ ತಾನೇ ಹುಡುಗರಿಗೆ ಆಸೆ ಹುಟ್ಟೋದು? ನಮ್ಮ ಓಣಿಯ ಒಬ್ಬ ಹುಡುಗ ಒಳ್ಳೇ ಜೋರಾಗಿ ಬೌಲಿಂಗ್ ಮಾಡ್ತಾನೆ. ಟೆನಿಸ್ ಬಾಲ್, ಕಾಲಲ್ಲಿ ಚಪ್ಪಲಿ, ವಿಕೆಟ್ ಅಂದ್ರೆ ಮೂರು ಇಟ್ಟಿಗೆ. ಲೆದರ್ ಬಾಲ್ ಹಿಡಿದಿದ್ದೀಯೇನಪ್ಪಾ ಅಂತ ಕೇಳಿದೆ. "ಟಿವಿಯಾಗ ನೋಡೀನಿ ಅಣ್ಣ" ಅಂದ. ಈ ಭಾಗದಲ್ಲಿ ಪ್ರತಿಭೆ ಇಲ್ಲ ಅನ್ನುವವರು ಯರೇಗೌಡರನ್ನು ನೆನಪಿಸಿಕೊಳ್ಳಲಿ. ಪಕ್ಕದ ರಾಯಚೂರಿನಲ್ಲಿ ಹುಟ್ಟಿದವರು. ರೈಲ್ವೇಸ್ ತಂಡಕ್ಕೆ ಗೋಡೆ ಥರ ನಿಂತು ಆಡಿದರು, ಕರ್ನಾಟಕಕ್ಕೂ ಆಡಿದರು.

ತೋರಣಗಲ್ಲು ಕಡೆ ನೋಡಿ. 2018ರಲ್ಲಿ ಜಿಂದಾಲ್‌ನವರು ವಿದ್ಯಾನಗರದಲ್ಲಿ ಇನ್‌ಸ್ಪೈರ್ ಕ್ರೀಡಾ ಸಂಸ್ಥೆ ತೆರೆದರು. ನೀರಜ್ ಚೋಪ್ರಾ ಅಲ್ಲಿ ತಾಲೀಮು ಮಾಡಿದ್ದಾರೆ. ಫುಟ್‌ಬಾಲ್ ತಂಡ ಬೆಂಗಳೂರು ಎಫ್‌ಸಿ ಸೀಸನ್‌ಗೆ ಮೊದಲು ಬಂದು ಅಭ್ಯಾಸ ಮಾಡಿದೆ. ಇಲ್ಲಿಂದ ಗಂಟೆಯೊಳಗಿನ ದಾರಿ. ಬಳ್ಳಾರಿ ಬಿಸಿಲಲ್ಲಿ ಬೆವರು ಹರಿಸಿದ ಆಟಗಾರರು ಪಂದ್ಯಕ್ಕೆ ಮಾತ್ರ ಬೆಂಗಳೂರಿನ ಕಂಠೀರವ ಕ್ರೀಡಾಂಗಣಕ್ಕೆ ಹೋಗ್ತಾರೆ. ಸೀಸನ್‌ಗೆ ಮೊದಲು ಒಂದು ಸೌಹಾರ್ದ ಪಂದ್ಯವನ್ನಾದರೂ ಊರಿನ ಜಿಲ್ಲಾ ಕ್ರೀಡಾಂಗಣದಲ್ಲಿ ಆಡಿಸಲಿ, ಸರ್ಕಾರಿ ಶಾಲೆ ಮಕ್ಕಳನ್ನು ಕೂರಿಸಿ ತೋರಿಸಲಿ.

ಕ್ರಿಕೆಟ್ಟಿಗೆ ಬೇಕಾದದ್ದು ಒಂದು ಸರಿಯಾದ ಟರ್ಫ್ ಮೈದಾನ, ಫ್ಲಡ್‌ಲೈಟ್, ಪೆವಿಲಿಯನ್. ಗಣಿ ದುಡ್ಡು ಹರಿದಾಡಿದ ಜಿಲ್ಲೆ ಇದು, ಇಷ್ಟು ಕಟ್ಟೋಕೆ ಆಗಲ್ಲ ಅಂದ್ರೆ ನಾನಂತೂ ನಂಬಲ್ಲ. ಆಗಸ್ಟ್‌ನಲ್ಲಿ ಬೆಂಗಳೂರಿಗೆ ಬೀಳುವ ಮಳೆ ಇಲ್ಲಿ ಬೀಳಲ್ಲ, ಓವರ್ ಕಡಿತದ ತಾಪತ್ರಯವೂ ಕಡಿಮೆ. 2025ರಲ್ಲಿ ಚಿನ್ನಸ್ವಾಮಿ ಬಿಟ್ಟು ಇಡೀ ಮಹಾರಾಜ ಟ್ರೋಫಿಯನ್ನು ಮೈಸೂರಿನಲ್ಲಿ ನಡೆಸಿದರಲ್ಲ, ಹಾಗೇ ನಾಲ್ಕು ಪಂದ್ಯ ಈ ಕಡೆಗೂ ಕೊಡಲಿ. ಮೈದಾನ ಆದಮೇಲೆ ಬಳ್ಳಾರಿ ಹೆಸರಿನ ಏಳನೇ ತಂಡ ಬರಲಿ, ಅದರಲ್ಲಿ ರಾಯಚೂರು, ಕೊಪ್ಪಳ, ಬಳ್ಳಾರಿಯ ಹುಡುಗರು ನಾಲ್ಕು ಜನರಾದರೂ ಇರಲಿ. ಜಿಲ್ಲೆಯ ಶಾಸಕರು, ಸಂಸದರು, ಕ್ರಿಕೆಟ್ ಸಂಸ್ಥೆಯ ರಾಯಚೂರು ವಲಯದವರು ಯಾರಾದರೂ ಇದನ್ನು ಓದ್ತಿದ್ದರೆ ಜಾಗ ಎಲ್ಲಿ ಕೊಡ್ತೀರಿ ಅನ್ನೋದನ್ನು ಮೊದಲು ಹೇಳಿ. ಮನವಿ ಬರೆದು ಸಹಿ ಮಾಡಿಸಿ ತಂದುಕೊಡೋಕೆ ನಾವು ತಯಾರಿದ್ದೀವಿ.