ಹೆಂಗೂ ಹೋಗ್ತಾ ಇದೀವಲ್ಲ

ಇವತ್ತು ಬೆಳಗ್ಗೆ ಐದೂವರೆಗೆ ಹತ್ತು ಕೆಜಿ ಸೋನಾ ಮಸೂರಿ ಬೆನ್ನಿಗೇರಿಸಿಕೊಂಡು ನಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲನ್ನು ಆರನೇ ಸಲ ಹತ್ತುತ್ತಿದ್ದಾಗ ಜೇಬಿನಲ್ಲಿ ಫೋನು ಟಿಣ್ ಅಂತು. ಷಡ್ಡಕರ ಮೆಸೇಜು. "ಭಾವ, ಹೆಂಗೂ ನೇಪಾಳಕ್ಕೆ ಹೋಗ್ತಾ ಇದೀವಲ್ಲ, ವಾಪಸ್ ಬರ್ತಾ ಗಯಾನೂ ಮುಗಿಸ್ಕೊಂಡು ಬಂದ್ಬಿಡೋಣ."

ನಾನು ಎರಡನೇ ಮಹಡಿಯ ಮೆಟ್ಟಿಲ ಮೇಲೆ ಅಕ್ಕಿ ಸಮೇತ ಕೂತುಬಿಟ್ಟೆ. ಹಾಲಿಗೆ ಹೊರಟಿದ್ದ ಎದುರುಮನೆಯ ಅಜ್ಜಿ ನನ್ನನ್ನೂ ಚೀಲವನ್ನೂ ನೋಡಿ, "ರೇಷನ್ ಅಂಗಡಿ ಇಷ್ಟು ಬೇಗ ತೆಗೀತಾರೇನಪ್ಪಾ?" ಅಂದರು.

ಈ ಟ್ರೆಕ್ಕಿಗೆ ಹೊರಟಿದ್ದು ನಾನು ಮತ್ತು ನನ್ನ ಹೆಂಡತಿ, ಇಬ್ಬರೇ. ಕಾರಣವೂ ಒಂದೇ, ಗಲಾಟೆ ಇರಬಾರದು. ಹೋದ ವರ್ಷ ಸೂರ್ಯೋದಯ ನೋಡಲು ಮುಳ್ಳಯ್ಯನಗಿರಿಗೆ ಹೋಗಿ, ಮುಂದಿದ್ದ ಟೆಂಪೋ ಟ್ರಾವೆಲರಿನ ಹಿಂಭಾಗವನ್ನು ಎರಡು ಗಂಟೆ ದರ್ಶನ ಮಾಡಿ ಬಂದವರು ನಾವು. ಹಿಮಾಲಯದಲ್ಲೂ ಅದೇ ಭಾಗ್ಯ ಬೇಡ ಅಂತ ತಿಂಗಳುಗಟ್ಟಲೆ ನಕ್ಷೆ ಹರಡಿಕೊಂಡು ಹುಡುಕಿದೆ. ಕೊನೆಗೆ ಸಿಕ್ಕಿದ್ದು ಪೂರ್ವ ನೇಪಾಳದ ಸೊಲು. ಶಿವಾಲಯ ಅನ್ನುವ ಊರಿನಿಂದ ಶುರು (ಹೆಸರು ಕೇಳಿಯೇ ಅರ್ಧ ಮನಸ್ಸಾಯಿತು), ಭಂಡಾರ್, ಕಿಂಜಾ, ಲಾಮ್‌ಜುರಾ ಘಟ್ಟ ದಾಟಿ ಜುನ್‌ಬೇಸಿ ಅನ್ನುವ ಶೆರ್ಪಾ ಹಳ್ಳಿ, ಅಲ್ಲಿಂದ ಇಳಿದರೆ ಫಾಪ್ಲು.

ಈ ದಾರಿ ಮೊದಲಿನಿಂದಲೂ ಖಾಲಿ ಇರಲಿಲ್ಲ. 1953ರಲ್ಲಿ ಹಿಲರಿ, ತೇನ್‌ಸಿಂಗ್ ಇದ್ದ ತಂಡ ಕಠ್ಮಂಡು ಕಣಿವೆಯಿಂದ ಎವರೆಸ್ಟಿಗೆ ನಡೆದು ಹೋಗಿದ್ದು ಈ ಸೊಲು ಸೀಮೆ ಹಾದೇ. ಆಮೇಲೆ 1964ರಲ್ಲಿ ಹಿಲರಿಯೇ ಮುಂದೆ ನಿಂತು ಲುಕ್ಲಾದಲ್ಲಿ ವಿಮಾನ ಇಳಿಯುವ ಪಟ್ಟಿ ಮಾಡಿಸಿದರು. ಕ್ರಮೇಣ ಎವರೆಸ್ಟಿಗೆ ಹೋಗುವವರೆಲ್ಲ ಸೀದಾ ಅಲ್ಲಿಗೇ ಹಾರಿ ಇಳಿಯತೊಡಗಿದರು. ಕೆಳಗಿನ ಹಳ್ಳಿಗಳ ಪಾಡು ಬೈಪಾಸ್ ರಸ್ತೆ ಬಂದ ಮೇಲೆ ಹಳೇ ಹೆದ್ದಾರಿಯ ಹೋಟೆಲುಗಳದ್ದು ಏನಾಗುತ್ತದೋ ಅದೇ. ನನಗೆ ಬೇಕಾಗಿದ್ದೂ ಅದೇ.

ತಪ್ಪು ಮಾಡಿದ್ದು ಯುಗಾದಿ ದಿನ. ಒಬ್ಬಟ್ಟಿನ ಅಮಲಿನಲ್ಲಿ ಷಡ್ಡಕರ ಮುಂದೆ ಬಾಯಿಬಿಟ್ಟೆ.

ನಮ್ಮ ಷಡ್ಡಕರು ಕೆಟ್ಟವರಲ್ಲ. ಅವರ ನಾಲಿಗೆಯ ಮೇಲೆ 'ಹೆಂಗೂ' ಅನ್ನುವ ಒಂದು ಪದ ಮನೆಮಾಡಿಕೊಂಡಿದೆ, ಅಷ್ಟೇ. ಹೆಂಗೂ ಮಲ್ಲೇಶ್ವರಕ್ಕೆ ಹೋಗ್ತಿದೀವಿ ಅಂತ ಹೊರಟವರು ಯಶವಂತಪುರದಲ್ಲಿ ಈರುಳ್ಳಿ ಮೂಟೆ, ತುಮಕೂರಿನಲ್ಲಿ ತಟ್ಟೆ ಇಡ್ಲಿ ಮುಗಿಸಿ, ಮಲ್ಲೇಶ್ವರಕ್ಕೆ ಹೋಗದೆ ವಾಪಸು ಬಂದ ದಾಖಲೆ ಇದೆ. ಯುಗಾದಿಯ ದಿನ ಅವರು ನನ್ನ ಪ್ಲಾನು ಪೂರ್ತಿ ಕೇಳಿ, ಎರಡನೇ ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಂಡು ಹೇಳಿದರು: "ಹೆಂಗೂ ನೀವಿಬ್ರು ಹೋಗ್ತೀರಿ, ನಾವೂ ಬರ್ತೀವಿ."

ಅವರು, ನನ್ನ ನಾದಿನಿ, ಇಬ್ಬರು ಮಕ್ಕಳು. ಆರಾಯಿತು. ಮಕ್ಕಳಿಗೆ ಹೆಂಗೂ ದಸರಾ ರಜೆ ಅಂತ, ದೀಪಾವಳಿ ಆದಮೇಲೆ ಇಟ್ಟುಕೊಂಡಿದ್ದ ದಿನಾಂಕ ಹಿಂದಕ್ಕೆ ಬಂತು. ನಮ್ಮ ದಸರಾ ಅಂದರೆ ಅಲ್ಲಿಯವರ ದಸೈಂ, ಊರಿಗೆ ಹೋಗುವವರಿಂದ ಬಸ್ಸುಗಳೆಲ್ಲ ತುಂಬಿರುತ್ತವೆ ಅಂದೆ. "ಹೆಂಗೂ ನಾವು ಜೀಪು ಮಾಡ್ಕೊಳ್ತೀವಲ್ಲ" ಅಂದರು. ಜೀಪು ಹೆಂಗೂ ಫಾಪ್ಲುವರೆಗೆ ಹೋಗುತ್ತಂತೆ, ಹಾಗಾಗಿ ಅತ್ತೆಯೂ ಬರಬಹುದು. ಏಳು. ಭಾರತೀಯರು ನೇಪಾಳಕ್ಕೆ ಹೋಗಲು ವೀಸಾ ಬೇಡ, ಪಾಸ್‌ಪೋರ್ಟೋ ವೋಟರ್ ಐಡಿಯೋ ಸಾಕು. ಆಧಾರ್ ನಡೆಯುವುದು 15 ತುಂಬದವರಿಗೆ ಮತ್ತು 65 ದಾಟಿದವರಿಗೆ ಮಾತ್ರ. ನನ್ನ ಪಾಸ್‌ಪೋರ್ಟಿನ ಅವಧಿ ಮುಗಿದಿದೆ, ವೋಟರ್ ಐಡಿಯಲ್ಲಿ ನಮ್ಮಪ್ಪನ ಹೆಸರಿನ ಜಾಗದಲ್ಲಿ ಹೆಂಡತಿಯ ಹೆಸರಿದೆ. ಇಡೀ ಗುಂಪಿನಲ್ಲಿ ಕಾಗದಪತ್ರ ಸರಿಯಾಗಿಟ್ಟುಕೊಂಡು ಹೊರಡಲು ತಯಾರಿರುವವರು ಅರವತ್ತೆಂಟರ ನಮ್ಮ ಅತ್ತೆ ಒಬ್ಬರೇ.

ಕಠ್ಮಂಡುವಿನಲ್ಲಿ ಪಶುಪತಿನಾಥ ಸರಿ, ನನಗೂ ಇಷ್ಟವೇ. ಅಲ್ಲಿ ಪೂಜೆ ಮಾಡುವ ಭಟ್ಟರು ನಮ್ಮ ಕರ್ನಾಟಕದ ಕರಾವಳಿ ಕಡೆಯವರು. "ಹೆಂಗೂ ನಮ್ಮೋರೇ ಇದಾರೆ" ಅಂತ ಅದಕ್ಕೇ ಎರಡು ದಿನ ಹೋಯಿತು. ಆಮೇಲೆ ಮುಕ್ತಿನಾಥ ಬಂತು. ಭಾವ, ಸೊಲು ಇರೋದು ಕಠ್ಮಂಡುವಿನ ಪೂರ್ವಕ್ಕೆ, ಮುಕ್ತಿನಾಥ ಪಶ್ಚಿಮಕ್ಕೆ, ಇದು ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ಹೊರಟವರು ಹೆಂಗೂ ಅಂತ ತಿರುಪತಿ ನೋಡಿಕೊಂಡು ಹೋದ ಹಾಗೆ ಅಂದೆ. "ಅದೂ ಒಳ್ಳೇದೇ ಅಲ್ವಾ?" ಅಂದರು. ಅತ್ತೆಗೆ ಸಾಲಿಗ್ರಾಮ ಬೇಕಂತೆ. ಅದು ಸಿಗುವುದು ಮುಕ್ತಿನಾಥದ ಕಡೆಯ ಗಂಡಕಿ ನದಿಯಲ್ಲಿ. ಇನ್ನು ಮಾತಾಡಿ ಪ್ರಯೋಜನವಿಲ್ಲ.

ನೇಪಾಳದ ಗಡಿಯಾರ ನಮ್ಮದಕ್ಕಿಂತ ಹದಿನೈದು ನಿಮಿಷ ಮುಂದೆ ಅಂತ ಬಾಯಿತಪ್ಪಿ ಹೇಳಿದ್ದೆ. "ಹಾಗಾದ್ರೆ ವಾಪಸ್ ಬರ್ತಾ ಹೆಂಗೂ ಕಾಲು ಗಂಟೆ ಉಳೀತಲ್ಲ!" ಗಯಾ ಹುಟ್ಟಿದ್ದು ಆ ಕಾಲು ಗಂಟೆಯಲ್ಲೇ ಇರಬೇಕು ಅಂತ ನನ್ನ ಗುಮಾನಿ.

ಇಷ್ಟನ್ನೆಲ್ಲ ನುಂಗಿಕೊಂಡೆ. ಕಳೆದ ವಾರ ಮಾತ್ರ ಸಿಟ್ಟು ಬಂತು. ಹೋಟೆಲಿನಲ್ಲಿ ಎರಡು ವಡೆ ಹೇಳುವ ಧಾಟಿಯಲ್ಲಿ ಅವರು, "ಲಗೇಜಿಗೆ ಎರಡು ಶೆರ್ಪಾ ಹೇಳ್ಬಿಡಿ ಭಾವ" ಅಂದರು. ಶೆರ್ಪಾ ಅಂದರೆ ಕೂಲಿ ಅಲ್ಲ, ಅದೊಂದು ಜನಾಂಗ, ಟಿಬೆಟ್ ಕಡೆಯಿಂದ ದಾಟಿ ಬಂದವರು, ಶರ್ ಅಂದರೆ ಪೂರ್ವ, ಪಾ ಅಂದರೆ ಜನ, ಅವರಲ್ಲಿ ರೈತರಿದ್ದಾರೆ, ಡಾಕ್ಟರಿದ್ದಾರೆ, ಲಾಮಾಗಳಿದ್ದಾರೆ ಅಂತ ಒಂದೇ ಉಸಿರಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಆಯ್ತು, ಎರಡು ಪೂರ್ವದವ್ರನ್ನ ಹೇಳಿ."

ಅವರಿಗೆ ಹಿಡಿಸಿದ ವಿಷಯ ಬೇರೆ. ಶೆರ್ಪಾಗಳಲ್ಲಿ ಹುಟ್ಟಿದ ವಾರವೇ ಹೆಸರಾಗುವುದುಂಟು. ದಾವಾ ಸೋಮವಾರ, ಮಿಂಗ್ಮಾ ಮಂಗಳವಾರ, ಪಾಸಾಂಗ್ ಶುಕ್ರವಾರ, ನಿಮಾ ಭಾನುವಾರ. ದಕ್ಷಿಣ ಕನ್ನಡದ ಹಳ್ಳಿಗಳ ಐತ, ಚೋಮ, ಅಂಗಾರ, ಗುರುವ, ತುಕ್ರ, ತನಿಯರ ಹಾಗೇ. ಈಗ ಷಡ್ಡಕರು ಮನೆಯವರನ್ನೆಲ್ಲ ಹುಟ್ಟಿದ ವಾರದಿಂದಲೇ ಕರೆಯುತ್ತಾರೆ. ನಾನು ಹುಟ್ಟಿದ್ದು ಶನಿವಾರ ಅಂತ ಅತ್ತೆಗೆ ಮೊದಲೇ ಗೊತ್ತಿತ್ತಂತೆ. ಪೆಂಬಾ ಅನ್ನಿ ಅಂತ ತಿದ್ದಿದೆ. ಯಾರೂ ಹಾಗೆ ಕರೆಯುತ್ತಿಲ್ಲ.

ಈ ಅಕ್ಕಿ ಹೊರುವ ಕರ್ಮ ಯಾಕೆ ಅಂತಲೂ ಹೇಳಿಬಿಡುತ್ತೇನೆ. ಲಾಮ್‌ಜುರಾ 3,530 ಮೀಟರ್ ಎತ್ತರದಲ್ಲಿದೆ. ಕೆಳಗಿನ ಕಿಂಜಾದಿಂದ ಅಲ್ಲಿಗೆ ಸುಮಾರು 1,900 ಮೀಟರ್ ಏರು, ಅಂದರೆ ಹೆಚ್ಚುಕಮ್ಮಿ ಮಂಗಳೂರಿನ ಸಮುದ್ರದಂಡೆಯಿಂದ ಮುಳ್ಳಯ್ಯನಗಿರಿಯ ನೆತ್ತಿಗೆ ಹತ್ತಿದಷ್ಟು. ನಮ್ಮ ಕಟ್ಟಡ ಹನ್ನೆರಡು ಮೀಟರ್ ಇದ್ದೀತು. ನೂರೈವತ್ತೆಂಟು ಸಲ ಹತ್ತಬೇಕು. ಇವತ್ತು ಐದು ಸಲ ಮುಗಿದಿತ್ತು, ಆರನೆಯದನ್ನು ಗಯಾ ನುಂಗಿತು. ಷಡ್ಡಕರ ತಯಾರಿ ಎಲ್ಲಿಗೆ ಬಂತು ಅಂತ ಕೇಳಿದರೆ ಚಟ್ನಿಪುಡಿ ಮಾಡಿಸಿದ್ದಾರಂತೆ. ಆಲೂಗಡ್ಡೆ ತುರಿದು ತಟ್ಟುವ ರಿಕಿಕುರ್ ಅನ್ನೋ ರೊಟ್ಟಿ ಶೆರ್ಪಾ ಮನೆಗಳಲ್ಲಿ ಮಾಡುತ್ತಾರೆ, ಅದಕ್ಕೆ ಚೆನ್ನಾಗಿರುತ್ತದಂತೆ. ಅಲ್ಲಿನ ಮಂತ್ರ ಕೆತ್ತಿದ ಕಲ್ಲಿನ ಗೋಡೆಗಳನ್ನು ಬಲಕ್ಕೆ ಬಿಟ್ಟುಕೊಂಡೇ ನಡೆಯಬೇಕು ಅಂತ ಅತ್ತೆಗೆ ಹೇಳಹೋದರೆ, "ಪ್ರದಕ್ಷಿಣೆ ನನಗೆ ಹೇಳಿಕೊಡ್ತೀರಾ?" ಅಂದರು.

ಜುನ್‌ಬೇಸಿಯಲ್ಲಿ ಲಾಡ್ಜು ನಡೆಸುವ ಹೆಂಗಸೊಬ್ಬರ ನಂಬರು ಸಿಕ್ಕಿತ್ತು. ಮಾರ್ಚಿನಲ್ಲೇ ಫೋನು ಮಾಡಿದ್ದೆ. ಅವರದ್ದು ಚೂರು ಹಿಂದಿ, ನನ್ನದು ಅದಕ್ಕಿಂತ ಚೂರು. ಗಲಾಟೆ ಇರುತ್ತಾ ದೀದಿ ಅಂತ ಕೇಳಿದ್ದಕ್ಕೆ ನಕ್ಕರು. ಒಬ್ಬ ಮಗ ಕಠ್ಮಂಡುವಿನಲ್ಲಿ, ಇನ್ನೊಬ್ಬ ವಿದೇಶದಲ್ಲಿ, ಪಕ್ಕದ ಮನೆಗೆ ಬೀಗ. ಗಲಾಟೆ ಮಾಡೋಕೆ ಯಾರಿದಾರೆ ಅಂದರು. ನಾನು ಖುಷಿಯಿಂದ ಎರಡು ಹಾಸಿಗೆ ಹೇಳಿ ಫೋನಿಟ್ಟೆ.

ಆಮೇಲೆ ಒಂಥರಾ ಆಯಿತು. ಸಾಗರದ ಕಡೆ ನಮ್ಮ ಮನೆಯಲ್ಲಿ ಅಮ್ಮ ಒಬ್ಬಳೇ. ನಾನು ಕರೆದುಕೊಂಡು ಹೋದ ಬೆಂಗಳೂರಿನ ಗೆಳೆಯರೆಲ್ಲ ಜಗಲಿಯಲ್ಲಿ ಕೂತು, "ಆಹಾ, ಎಷ್ಟು ಶಾಂತವಾಗಿದೆ ಅಮ್ಮಾ!" ಅನ್ನುತ್ತಾರೆ. ಅಮ್ಮ, "ಹ್ಞೂಂ, ಕಾಫಿ ಆರ್ತದೆ, ಕುಡೀರಿ" ಅನ್ನುತ್ತಾಳೆ.

ಇವತ್ತು ಸ್ನಾನ ಮಾಡಿ ಬಂದು, ಗಯಾದ ಮೆಸೇಜಿಗೆ ಖಡಕ್ಕಾಗಿ ಉತ್ತರ ಕೊಡಬೇಕು ಅಂತ ಫೋನು ತೆಗೆದರೆ ಕೆಳಗೆ ಇನ್ನೊಂದಿತ್ತು. "ಊರಿಗೆ ಫೋನ್ ಮಾಡಿ ನಿಮ್ಮಮ್ಮನ್ನೂ ಕೇಳ್ದೆ. ಹೆಂಗೂ ಎಲ್ಲಾ ಹೋಗ್ತಾ ಇದೀವಲ್ಲ. ದನ ನೋಡೋರು ಸಿಕ್ಕಿದ್ರೆ ಬರ್ತಾರಂತೆ." ನನಗೆ ಇದು ಹೊಳೆದೇ ಇರಲಿಲ್ಲ. ಟೈಪು ಮಾಡಿದ್ದನ್ನೆಲ್ಲ ಅಳಿಸಿ ಒಂದು ನಮಸ್ಕಾರದ ಚಿತ್ರ ಹಾಕಿದೆ. ಅದನ್ನು ಅವರು ಗಯಾಕ್ಕೆ ಒಪ್ಪಿಗೆ ಅಂತ ತಿಳಿದುಕೊಂಡಿದ್ದಾರೆ.

ದೀದಿಗೆ ಮತ್ತೆ ಫೋನು ಮಾಡಿದೆ. ಷಡ್ಡಕರ ವಾಕಿಂಗ್ ಗೆಳೆಯರು ಎರಡು ಜೋಡಿಯೂ ಸೇರಿ ಈಗ ಹನ್ನೊಂದು, ಅಮ್ಮ ಬಂದರೆ ಹನ್ನೆರಡು ಅಂತ ತೊದಲಿದೆ. ಆ ಕಡೆ ಸದ್ದಿಲ್ಲ. ಲೈನು ಹೋಯಿತೇನೋ ಅಂದುಕೊಂಡೆ. ಅವರು ಒಳಗೆ ಯಾರಿಗೋ ಏನೋ ಕೂಗಿ ಹೇಳಿದರು, ಯಾರೋ ಜೋರಾಗಿ ನಕ್ಕರು. "ಆವೋ, ಆವೋ" ಅಂದರು. "ಆಲೂ ತೋ ವೈಸೇ ಭೀ ಹೈ."

"ಏನಂದ್ರು?" ಅಂತ ಹೆಂಡತಿ ಕೇಳಿದಳು.

"ಆಲೂಗಡ್ಡೆ ಹೆಂಗೂ ಇದೆಯಂತೆ."

ಅವಳು ಏನೂ ಹೇಳದೆ ನನ್ನ ಬ್ಯಾಗಿನ ಜಿಪ್ಪು ಎಳೆದು ಎರಡು ಸೇರು ಅಕ್ಕಿ ಅಳೆದುಕೊಂಡಳು. ಪ್ಲಾನು ಮಾತಾಡಲು ಸಂಜೆ ಎಲ್ಲರೂ ನಮ್ಮಲ್ಲಿಗೇ ಬರುತ್ತಿದ್ದಾರಂತೆ, ಬಿಸಿಬೇಳೆಬಾತ್ ಮಾಡಬೇಕಂತೆ.